ರಿಜಿಸ್ಟರಿನಲ್ಲಿ ಒಂದು ಗೆರೆ

ಜನವಾಡದಿಂದ ಮೊದಲ ಬಸ್ಸಿಗೆ ಬಂದಿದ್ದಳು ಝರೆಮ್ಮ.
ಅಪ್ಪನ ಗೋರಿಗೆ ಕಲ್ಲು ನಿಲ್ಲಿಸಬೇಕಂತೆ,
ಹುಟ್ಟಿದ ತಾರೀಖು ಯಾರಿಗೂ ನೆನಪಿಲ್ಲ.
"ನಿಮ್ಮ ಬುಕ್ಕಿನಾಗ ಇರ್ತದಲ್ರಿ, ಪಾದ್ರಿ ಸಾಬ್ರೆ?"

ಕಪಾಟಿನ ಕೆಳಗಿನ ಖಾನೆ.
ಗೆದ್ದಲು ತಿಂದು ಬಿಟ್ಟ ದೀಕ್ಷಾಸ್ನಾನದ ರಿಜಿಸ್ಟರು.
ಪುಟ ಅರವತ್ತೆರಡು: ಘಾಳೆಪ್ಪ ತಂದೆ ಮಾಣಿಕಪ್ಪ.
ಹೆಸರಿನ ಮೇಲೊಂದು ಕೆಂಪು ಗೆರೆ,
ಪಕ್ಕದಲ್ಲಿ ನನ್ನದೇ ದುಂಡು ಅಕ್ಷರ:
ತಾಯಿತ ಕಟ್ಟಿಸಿದ ಕಾರಣ ಸಭೆಯಿಂದ ತೆಗೆಯಲಾಗಿದೆ.

ಇಪ್ಪತ್ತೇಳರ ಪ್ರಾಯ ಆಗ.
ಸೈಕಲ್ಲಿನ ಹಿಂದೆ ತಗಡಿನ ಭೋಂಗಾ ಕಟ್ಟಿಕೊಂಡು
ಊರೂರ ಅಗಸೆಯಲ್ಲಿ ನಿಂತು
ನರಕದ ಬಗ್ಗೆ ಒಂದೂವರೆ ತಾಸು ಮಾತಾಡುತ್ತಿದ್ದೆ,
ಹೋಗಿ ಬಂದವನ ಹಾಗೆ.
ಬೀದರಿನ ಮೇ ತಿಂಗಳು ಸಾಕ್ಷಿಗೆ ನಿಲ್ಲುತ್ತಿತ್ತು.
ದೇವರು ತಹಶೀಲ್ ಕಚೇರಿಯ ಹೆಡ್ ಗುಮಾಸ್ತ,
ನಾನು ಅವನ ಕೈಕೆಳಗಿನವನು.
ಯಾರು ಒಳಗೆ, ಯಾರು ಹೊರಗೆ,
ಸಂಜೆಗೆ ಲೆಕ್ಕ ತಾಳೆಯಾಗಬೇಕು.

ಘಾಳೆಪ್ಪನ ಕೂಸಿಗೆ ಒಂಬತ್ತು ದಿನ ಜ್ವರ.
ಎಂಟು ದಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದೆ,
ಮಿಷನ್ ಆಸ್ಪತ್ರೆಯ ಸೂಜಿಯೂ ಆಗಿತ್ತು.
ಒಂಬತ್ತನೇ ರಾತ್ರಿ ಅವನು ಅಷ್ಟೂರಿನ ದರ್ಗಾದತನಕ ನಡೆದುಹೋಗಿ
ಒಂದು ಕರಿದಾರ ತಂದು ಕಟ್ಟಿದ.
ಬೆಳಗಾದರೆ ಕೂಸು ಅಂಬಲಿ ಕೇಳಿತು.

ನನ್ನ ಪ್ರಾರ್ಥನೆಗೆ ಸಿಕ್ಕ ಉತ್ತರವೆಂದು ಭಾನುವಾರ ಸಾರಿದೆ.
ಅದೇ ಭಾನುವಾರ ಗೆರೆ ಎಳೆದೆ.
ಆ ಕೂಸು ಇವಳೇ, ಈಗ ಎದುರಿಗೆ ಕೂತವಳು.

ದಮಸ್ಕದ ದಾರಿಯಲ್ಲಿ ಬೆಳಕು ಬಡಿದು ಬಿದ್ದವನಲ್ಲ ನಾನು.
ಬಿದ್ದದ್ದು ಹುಮನಾಬಾದ ರಸ್ತೆಯಲ್ಲಿ, ಲೂನಾದಿಂದ,
ಟ್ರ್ಯಾಕ್ಟರು ಚೆಲ್ಲಿದ ಕಬ್ಬಿನ ರವದಿಯ ಮೇಲೆ ಜಾರಿ.
ಧ್ವನಿಯೇನೂ ಕೇಳಲಿಲ್ಲ.
ಅಂದಿನಿಂದ ಬಲಗಾಲು ಮಡಚುವುದಿಲ್ಲ.
ಮೊಣಕಾಲೂರದೆ ಪ್ರಾರ್ಥಿಸುವುದು ಹೇಗೆಂದು ತಿಳಿಯದೆ
ಒಂದು ವರ್ಷ ಪ್ರಾರ್ಥಿಸಲೇ ಇಲ್ಲ.
ಭಾನುವಾರದ ಪ್ರಸಂಗ ಮಾತ್ರ ನಿಲ್ಲಿಸಲಿಲ್ಲ,
ಸಂಬಳ ಬರುತ್ತಿತ್ತಲ್ಲ.

ರಾಹೇಲಳಿಗೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.
ರೊಟ್ಟಿ ಬಡಿಯುತ್ತ ಒಮ್ಮೆ ಅಂದಳು:
"ಈಗೀಗ ದೇವ್ರಿಗೆ ಏನೂ ಕಲಸಂಗಿಲ್ಲ ನೀವು."

ಸೆಮಿನರಿಯಿಂದ ಬಂದ ಹೊಸ ಪಾಲಕ ಜೀವನ್ ಕೇಳಿದ,
"ಅಂಕಲ್, ಈಗಲೂ ಎಲ್ಲಾ ನಂಬ್ತೀರಾ?"
ಎಲ್ಲಾ ಅಂದರೆ ಎಷ್ಟು, ಅನ್ನಬೇಕೆನಿಸಿತು.
ನೌಬಾದಿನ ಸುರಂಗಬಾವಿಗೆ ಕರೆದುಕೊಂಡು ಹೋದೆ.
ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಬಾಯ್ದೆರೆದ ಗುಂಡಿ.
ಬಗ್ಗಿ ನೋಡಿದ: ಕತ್ತಲು, ಪ್ಲಾಸ್ಟಿಕ್ಕು, ಯಾರದೋ ಒಂಟಿ ಚಪ್ಪಲಿ.
"ನೀರೆಲ್ಲಿ?"
ಕಲ್ಲು ಎಸಿ, ಅಂದೆ.
ಎಸೆದ. ಎಷ್ಟೋ ಹೊತ್ತಿಗೆ ಏನೋ ಸಪ್ಪಳ.
ನೀರು! ಅಂದ.
ನನಗೆ ಕಲ್ಲಿನ ಮೇಲೆ ಕಲ್ಲು ಬಿದ್ದಂತೆ ಕೇಳಿತ್ತು.
ವಾದಿಸಲಿಲ್ಲ. ದಾರಿಯಲ್ಲಿ ಇಬ್ಬರೂ ಚಹಾ ಕುಡಿದೆವು.

ಪ್ರಭುಭೋಜನದ ರೊಟ್ಟಿ ಮುರಿಯುವಾಗ ಈಗ ಕೈ ನಡುಗುತ್ತದೆ.
ಮೊದಲು ನಡುಗುತ್ತಿರಲಿಲ್ಲ. ವಯಸ್ಸಿಗೋ, ಬೇರೆ ಯಾತಕ್ಕೋ.
ಶಿಲುಬೆಯ ಮೇಲಿಂದ ಅವನು ಕೂಗಿದ್ದು,
ಯಾಕೆ ನನ್ನ ಕೈಬಿಟ್ಟೆ,
ಅದನ್ನು ವಿವರಿಸುವುದು ಬಿಟ್ಟಿದ್ದೇನೆ.
ಶುಭ ಶುಕ್ರವಾರ ಅಷ್ಟನ್ನು ಓದಿ ಕೂತುಬಿಡುತ್ತೇನೆ.
ಜನ ಸ್ವಲ್ಪ ಹೊತ್ತು ಕಾದು, ಕೆಮ್ಮುತ್ತಾರೆ.

ಝರೆಮ್ಮ ತಾರೀಖು ಬರೆದುಕೊಂಡಳು ಬಸ್ ಟಿಕೆಟಿನ ಹಿಂದೆ.
ಆಮೇಲೆ ಪುಟದ ಮೇಲೆ ಬೆರಳಿಟ್ಟು,
"ಈ ಗೆರಿ ಯಾರು ಹೊಡ್ದಾರ್ರಿ?"
ನಾನೇ ಅವ್ವಾ.
ಬಾಗಿ ನೋಡಿದಳು, ಕಣ್ಣು ಕಿರಿದು ಮಾಡಿ.
"ಸ್ಕೇಲ್ ಇಟ್ಟು ಹೊಡ್ದೀರಿ."

ಅಷ್ಟೇ. ಚೀಲದಿಂದ ತೊಗರಿಬೇಳೆಯ ಗಂಟು ತೆಗೆದು
ಮೇಜಿನ ಮೇಲಿಟ್ಟು ಹೊರಟಳು, ಹನ್ನೊಂದರ ಬಸ್ಸಿಗೆ.

ಅಳಿಸಿದರೆ ಕಾಗದ ಹರಿಯುತ್ತದೆ.
ಮೇಲೆ ಬರೆಯಲು ಜಾಗವಿಲ್ಲ.
ಸ್ಕೇಲು ಇನ್ನೂ ಇದೆ ಡ್ರಾಯರಿನಲ್ಲಿ,
ಕಟ್ಟಿಗೆಯದು, ತುದಿಯಲ್ಲಿ ಒಂದಿಂಚು ಮುರಿದದ್ದು.