ಮೆಂತೆಯ ಬಟ್ಟಲು

ಬ್ಯಾಲರಾಟಿನ ಜುಲೈ. ಕಿಟಕಿ ಗಾಜಿಗೆ ಇಬ್ಬನಿಯ ಬೂಷ್ಟು.
ಅಡುಗೆಕಟ್ಟೆಯ ಮೇಲೆ ತೂಕದ ಯಂತ್ರ
ಸೊನ್ನೆ ತೋರಿಸುತ್ತ ಕಾಯುತ್ತಿದೆ.
ಕೆಳಗೆ ಮೆಂತೆ,
ನಾಲ್ಕು ಕಡ್ಡಿಕಾಲಿನ ಮೇಲೆ ನಿಂತ ಹಸಿವು.

ಓಟದ ಕಣದಿಂದ ನಿವೃತ್ತಳಾಗಿ ಬಂದವಳು.
ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರಗಳು;
ಗೆದ್ದದ್ದೆಷ್ಟು, ಸೋತದ್ದೆಷ್ಟು, ಬಾಯಿ ಬಿಡುವುದಿಲ್ಲ.
ಬಣ್ಣ ಮಾತ್ರ ಹದವಾಗಿ ಹುರಿದ ಮೆಂತ್ಯದ್ದು.

ಮೊದಲ ಆರು ತಿಂಗಳು ನಾನು ಪ್ರೀತಿಯನ್ನೇ ಬಡಿಸಿದೆ:
ಮೆತ್ತನೆಯ ಅನ್ನ, ಬೇಯಿಸಿದ ಕೋಳಿ, ಮೇಲೊಂದು ಮಿಳ್ಳೆ ತುಪ್ಪ.
ನೆಕ್ಕಿ ನೆಕ್ಕಿ ಬಟ್ಟಲನ್ನು ಕನ್ನಡಿ ಮಾಡುತ್ತಿದ್ದಳು,
ನಾನು ಅದರಲ್ಲಿ ಮುಖ ನೋಡಿಕೊಂಡು ಬೀಗುತ್ತಿದ್ದೆ.
ಆಮೇಲೆ ತೊಡೆಯ ಕೂದಲು ತೆಳುವಾಯಿತು.
ಮೆಟ್ಟಿಲ ಬುಡದಲ್ಲಿ ನಿಂತು, ಹತ್ತದೆ,
ಸುಮ್ಮನೆ ಮೇಲೆ ನೋಡುವುದು ಶುರುವಾಯಿತು.

ಡಾಕ್ಟರ್ ತ್ರಿನ್ ಬಯ್ಯಲಿಲ್ಲ. ಪೆನ್ನಿನ ಟೋಪಿ ಕಚ್ಚಿಕೊಂಡು ಕೇಳಿದರು:
"ಇದರಲ್ಲಿ ಸುಣ್ಣದಂಶ ಎಲ್ಲಿದೆ?"

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ
ಎಂದು ಭೇದ ಮಾಡಿದವರನ್ನು ಜರೆದು ಬೆಳೆದವಳು ನಾನು.
ಎರಡೂ ಕಣ್ಣಿಗೆ ಬೆಣ್ಣೆಯನ್ನೇ ಹಚ್ಚಿಬಿಟ್ಟಿದ್ದೆ.

ಈಗ ಮೊಟ್ಟೆಯ ಚಿಪ್ಪು ತೊಳೆದು, ಕಾಯಿಸಿ, ಒಣಗಿಸಿ
ಮಿಕ್ಸಿಗೆ ಹಾಕುತ್ತೇನೆ. ರಂಗೋಲಿ ಪುಡಿಗಿಂತ ನುಣ್ಣಗೆ.
ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವಾಗ
ಕೈ ತಾನಾಗಿ ಎಳೆ ಬಿಡಲು ನೆಲಕ್ಕೆ ಬಾಗುತ್ತದೆ.

ಗದಗಿನ ಪೇಟೆಯಲ್ಲಿ ಮಟನ್ ಅಂಗಡಿ ಬಂದರೆ
ಸೆರಗಿನಿಂದ ಮೂಗು ಮುಚ್ಚಿ ದಾಟುತ್ತಿದ್ದೆ.
ಇಲ್ಲಿ ಸ್ಟರ್ಟ್ ಬೀದಿಯ ಹಿಂದಿನ ಓಣಿಯಲ್ಲಿ
ಡೆರ್ಮಟ್‌ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು
"ಅರ್ಧ ಕಿಲೋ ಹೃದಯ" ಎನ್ನುತ್ತೇನೆ. ಗಂಟಲು ಹಿಡಿಯುತ್ತದೆ.
"ಹೋದ ವಾರದ್ದು ಸಾಲಲಿಲ್ಲವೇ?" ಎಂದು ಅವನು ನಗುತ್ತಾನೆ.

ಲಿವರ್ ಇಪ್ಪತ್ತು ಗ್ರಾಂ. ಇಪ್ಪತ್ತಮೂರು ಬಂತು.
ಮೂರು ತೆಗೆಯುತ್ತೇನೆ; ಹೆಚ್ಚಾದರೆ ಅಮೃತವೂ ವಿಷ.
ಬೂದಿಬಣ್ಣದ ಸಣ್ಣ ಮೀನು, ಮುಳ್ಳುಸಮೇತ. ಕುಂಬಳದ ಹೋಳು.
ಕಡಲ ಪಾಚಿಯ ಪುಡಿ, ಚಿಟಿಕೆಗೂ ಕಡಿಮೆ,
ಯಂತ್ರಕ್ಕೆ ಅದು ಕಾಣುವುದೇ ಇಲ್ಲ.
ಈರುಳ್ಳಿ ಕೂಡದು. ಬೆಳ್ಳುಳ್ಳಿ ಕೂಡದು. ಒಗ್ಗರಣೆಯ ಮಾತೇ ಇಲ್ಲ.
ಉಪ್ಪು ಸಾಕೇ ಎಂದು ಅಂಗೈಗೆ ಹಾಕಿ ಚಪ್ಪರಿಸುವಂತಿಲ್ಲ.
ರುಚಿ ನೋಡದೆ ಅಡುಗೆ ಮಾಡಿದ್ದು
ಇಲ್ಲಿಯವರೆಗೆ ನೈವೇದ್ಯಕ್ಕೆ ಮಾತ್ರ.

ಬಾಗಿಲಿಗೆ ಒರಗಿ ರುದ್ರಮುನಿ ನೋಡುತ್ತಾನೆ,
ಸಕ್ಕರೆ ಕಾಯಿಲೆಯ ಗುಳಿಗೆ ಅಂಗೈಯಲ್ಲಿ.
"ಅವಳಿಗೆ ಸತು, ಅಯೋಡಿನ್, ಮೀನೆಣ್ಣೆ. ನಮಗೆ?"
"ನಿನ್ನೆಯ ಅನ್ನದ ಚಿತ್ರಾನ್ನ," ಎನ್ನುತ್ತೇನೆ,
ಅಂಕಿಯಿಂದ ಕಣ್ಣೆತ್ತದೆ.

ನಮ್ಮಜ್ಜಿ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು
ಹಿತ್ತಿಲ ನಾಯಿಗೆ ಎಸೆಯುತ್ತಿದ್ದಳು.
"ತುತ್ತು ಎಣಸಬಾರದವ್ವಾ," ಅನ್ನುತ್ತಿದ್ದಳು.
ನಾನು ಎಣಿಸಲಿಲ್ಲ. ತುತ್ತನ್ನೂ, ನಾಯಿಗಳನ್ನೂ.
ಕರಿಯದು, ಆಮೇಲೆ ಕಂದು, ಆಮೇಲೆ ಒಂದು ಕಿವಿ ಹರಿದದ್ದು.
ಎರಡು ಮಳೆಗಾಲ ದಾಟಿ ಅದೇ ನಾಯಿ
ಮತ್ತೆ ಬಂದದ್ದು ನೆನಪಿಲ್ಲ.
ಅಜ್ಜಿಯ ದಯೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.
ಬೇರೆ ಏನೋ ಇತ್ತು. ಯಾರೂ ಕೇಳಲಿಲ್ಲ.

ಬಟ್ಟಲು ಇಡುತ್ತೇನೆ. ತಲೆ ಒಳಗೆ ಹೋಗುತ್ತದೆ,
ಬಟ್ಟಲು ನೆಲದುದ್ದ ಕಿರ್ರನೆ ಜಾರಿ
ವಾಷಿಂಗ್ ಮಷೀನಿಗೆ ಬಡಿದು ನಿಲ್ಲುತ್ತದೆ.

ಹತ್ತರಲ್ಲೊಂದು ಪಾಲು ನಿಮ್ಮಿಷ್ಟ, ಎಂದಿದ್ದಾರೆ ಡಾಕ್ಟರ್.
ನಾನು ಜೋಳದ ರೊಟ್ಟಿಯ ಅಂಚು ಮುರಿದು,
ತೂಗದೆ, ಅಜ್ಜಿಯಂತೆಯೇ ಎಸೆದೆ.

ಮೆಂತೆ ಮೂಸಿದಳು. ನನ್ನನ್ನೊಮ್ಮೆ ನೋಡಿದಳು.
ಮತ್ತೆ ಹೋಗಿ
ಖಾಲಿ ಬಟ್ಟಲಲ್ಲಿ ಲಿವರಿನ ವಾಸನೆ ಹುಡುಕಿದಳು.