ಚಾಲಕನ ತೂಕ ಎಪ್ಪತ್ತೈದು

ಲೇರ್ ಊರಿನಾಚೆ, ಕಾಳಿನ ಗೋದಾಮಿನ ಹಿಂದೆ,
ಬಾರ್ಲಿ ಲಾರಿಗಳು ತೂಗಿಸಿಕೊಂಡು ಹೋಗುವ ಕಬ್ಬಿಣದ ಹಾಸಿನ ಮೇಲೆ
ನಮ್ಮ ಮನೆಯನ್ನು ನಿಲ್ಲಿಸಿದೆವು.
ಚಕ್ರ ನಾಲ್ಕು, ಕಿಟಕಿ ಆರು, ಒಂದು ಒಲೆ, ಒಂದು ಹಾಸಿಗೆ.
ದಾರಿಯುದ್ದ ನಲವತ್ತರ ಮೇಲೆ ಹೋಗಿರಲಿಲ್ಲ ಟ್ಯಾರ್ಕ್.
ಭಾರ ಎಳೀತಿದೆ, ತೂಗಿಸೋಣ ಅಂದಿದ್ದ.
ಗೆಶೆ ಗಾಜಿನಾಚೆಯಿಂದ ಕೈ ಎತ್ತಿದಳು:
ಇಬ್ಬರೂ ಒಳಗೇ ಕೂತಿರಿ, ಅಲುಗಬೇಡಿ,
ಫೋಟೋ ತೆಗೆಯುವವರ ಹಾಗೆ.

ಎದುರು ಗೋಡೆಯ ಮೇಲೆ ಕೆಂಪು ಅಂಕಿಗಳು,
ಒಂದೊಂದೂ ಮೊಳದುದ್ದ.
ಎಷ್ಟಂತೆ? ಎಂದ.
ಮೂರು ಸಾವಿರದ ಆರುನೂರ ನಲವತ್ತು, ಎಂದೆ.
ಕಾಗದ ಒಪ್ಪುವುದು ಮೂರೂವರೆ ಸಾವಿರ.

ನೂರ ನಲವತ್ತು ಕೇಜಿ ಹೆಚ್ಚು.
ಯಾವುದು ಅದು?
ತೆನೆ ತೆನೆ ಕೂಡಿದರೆ ಬಳ್ಳ, ನಿಜ.
ಬಳ್ಳ ತುಳುಕಿಸಿದ ತೆನೆ ಯಾವುದೆಂದು ಕೇಳಿದರೆ
ಎಲ್ಲವೂ ಬಾಯಿ ಮುಚ್ಚಿಕೊಳ್ಳುತ್ತವೆ.
ಹೋದ ವರ್ಷ ಜೋಡಿಸಿದ ಬಿಸಿಲುಮರೆ. ಎರಡನೇ ಬ್ಯಾಟರಿ.
ಸ್ಪೇನಿನಲ್ಲಿ ನಲ್ಲಿಯೇ ಇಲ್ಲವೆಂಬಂತೆ ತುಂಬಿದ ನೂರು ಲೀಟರ್ ನೀರು.
ಅವನ ಪಾನಾ ಪೆಟ್ಟಿಗೆ. ನನ್ನ ಬೀಡಿನ ಬಾಣಲೆ.
ಚಹಾ ಆರು ಡಬ್ಬಿ, ಕಲ್ಲುಸಕ್ಕರೆ ಬೇರೆ;
ಬಟ್ಟಲಲ್ಲಿ ಕಲ್ಲುಸಕ್ಕರೆ ಚಟ್ ಎನ್ನದಿದ್ದರೆ
ನಮ್ಮ ಕಡೆ ಅದನ್ನು ಚಹಾ ಎನ್ನುವುದಿಲ್ಲ.

ಗೆಶೆ ಹೊರಗೆ ಬಂದಳು. ಕಾಗದವನ್ನೇ ಬದಲಿಸಿಬಿಡಿ,
ಸ್ಪ್ರಿಂಗ್ ಗಟ್ಟಿ ಮಾಡಿಸಿ, ಮೂರು ಸಾವಿರದ ಎಂಟುನೂರ ಐವತ್ತಕ್ಕೆ ಏರಿಸಿ.
ಆಮೇಲೆ ಆಟೋಬಾನಿನಲ್ಲಿ ನೂರು, ಉಳಿದ ಕಡೆ ಎಂಬತ್ತು,
ಲಾರಿ ಹಿಂದಿಕ್ಕಬಾರದೆಂಬ ಬೋರ್ಡು ಕಂಡಲ್ಲಿ ನೀವೂ ಲಾರಿಯೇ.
ಇವರದು ಹಳೇ ಬೂದು ಲೈಸೆನ್ಸು, ಏಳೂವರೆ ಟನ್ನಿನ ತನಕ ನಡೆಯುತ್ತೆ.
ನಿಮ್ಮದು?

ನನ್ನದು ಎರಡು ಸಾವಿರದ ನಾಲ್ಕರದು,
ನಲವತ್ತೆರಡರಲ್ಲಿ ಕಲಿತು ಮೂರನೇ ಸಲಕ್ಕೆ ಪಾಸಾದದ್ದು.
ಮೂರೂವರೆ ಟನ್ ದಾಟಿದರೆ ಅದು ಬರೀ ಪ್ಲಾಸ್ಟಿಕ್ಕು.
ಇರಲಿ ಬಿಡಿ, ಓಡಿಸುವವನು ಇವನೇ, ಎಂದೆ.
ಹದಿನಾಲ್ಕು ವರ್ಷ ಹಾಗೇ ನಡೆದಿತ್ತು:
ಅವನ ಕೈಯಲ್ಲಿ ಸ್ಟೀರಿಂಗು, ನನ್ನ ತೊಡೆಯ ಮೇಲೆ ನಕ್ಷೆ.

ಬೇಡ, ಎಂದ ಟ್ಯಾರ್ಕ್. ಮೂರೂವರೆಯಲ್ಲೇ ಇರಲಿ.
ಇಳಿಸೋಣ.

ಪಾನಾ ಪೆಟ್ಟಿಗೆಯನ್ನೇ ಮೊದಲು ಇಳಿಸಿದ.
ಆಗಲೇ ನನಗೆ ಹೊಳೆಯಬೇಕಿತ್ತು.
ಮೂವತ್ತು ವರ್ಷ ಎಮ್ಸ್ ನದಿಯ ತೂಬು ಕಾದವನು,
ಆಚೆ ದಡದ ಅಳತೆಗೋಲಿನಲ್ಲಿ ಉಬ್ಬರ ಬೆರಳಗಲ ಏರಿದ್ದನ್ನು
ಈಚೆ ನಿಂತು ಓದುತ್ತಿದ್ದವನು.
ಸೈಕಲ್ಲು ಇಳಿಯಿತು, ಮಡಚುವ ಮೇಜು, ಬಾಣಲೆ.
ನೀರು ಬಿಟ್ಟೆವು; ಕಾಳಿನ ಧೂಳಲ್ಲಿ ಅದು ಹಾವಿನಂತೆ ಹರಿದಾಗ
ಗುಬ್ಬಚ್ಚಿಗಳು ಇಳಿದವು.
ಹತ್ತಿ ಕೂತೆವು. ಈಗ? ಎಂದ.
ಇನ್ನೊಂದಿಷ್ಟು ಇಳಿಸಿ ಮತ್ತೆ ಕೂತೆವು. ಈಗ?
ಹಾಡಹಗಲು, ಮೊಳದುದ್ದದ ಅಂಕಿಗಳು,
ಅವನ ಮುಖ ನೇರ ಅತ್ತಲೇ ಇತ್ತು.

ಯಾವಾಗಿನಿಂದ? ಎಂದೆ.
ಅಕ್ಟೋಬರಿನಿಂದ.
ನಡುವೆ ಮಾತ್ರ ಕಾಣೋದಿಲ್ಲ, ಅಂಚೆಲ್ಲ ಚೆನ್ನಾಗಿದೆ.
ಗುಬ್ಬಿ ಕಾಣುತ್ತೆ, ನೇರ ನೋಡದಿದ್ದರೆ.

ಗೆಶೆ ಚೀಟಿ ಹರಿದು ಕೊಟ್ಟಳು: ಮೂರು ಸಾವಿರದ ನಾನೂರ ತೊಂಬತ್ತು.
ನಾವು ಸೀಟು ಬದಲಿಸುವುದನ್ನು ಕಂಡರೂ ಕೇಳಲಿಲ್ಲ.
ಕಾಯಿದೆಯ ಲೆಕ್ಕದಲ್ಲಿ ಚಾಲಕ ಎಂದರೆ ಎಪ್ಪತ್ತೈದು ಕೇಜಿ,
ಅವನು ಗಾಡಿಯದೇ ಒಂದು ಭಾಗ; ಪಕ್ಕದಲ್ಲಿ ಕೂತವನು ಹೊರೆಯ ಲೆಕ್ಕಕ್ಕೆ.
ಹಾಗಾದರೆ ಇವತ್ತಿನಿಂದ ನಾನು ಸರಕು, ಎಂದ ಟ್ಯಾರ್ಕ್,
ನೀನು ಅರವತ್ತೊಂದು, ಹದಿನಾಲ್ಕು ಉಳಿಯಿತು,
ಬಾಣಲೆ ಹತ್ತಿಸು.
ನಮ್ಮ ತಕ್ಕಡಿಗೆ ಆ ಲೆಕ್ಕ ಗೊತ್ತಿಲ್ಲ, ಎಂದಳು ಗೆಶೆ.
ಆದರೂ ಬಾಣಲೆ ಹತ್ತಿತು.
ಪಾನಾ ಪೆಟ್ಟಿಗೆ ಅವಳ ಮೇಜಿನ ಕೆಳಗೇ ಉಳಿಯಿತು.

ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡೆ,
ಕನ್ನಡಿ ತಗ್ಗಿಸಿದೆ.
ಹಿಂದಿನ ಚಕ್ರ ಹಾಸು ಬಿಟ್ಟಾಗ ಗೋಡೆಯ ಮೇಲೆ ಎಲ್ಲ ಸೊನ್ನೆ.
ಅದನ್ನೂ ಓದಿ ಹೇಳಿದೆ.
ಅಭ್ಯಾಸಬಲ, ನಕ್ಷೆಯನ್ನು ಪಕ್ಕದವರ ತೊಡೆಯ ಮೇಲೆ ಇಟ್ಟಿದ್ದೆ;
ಅವನು ಅದನ್ನು ತಡವಿ, ಹಳೆಯ ಗೆರೆ ಹುಡುಕಿ,
ಗೆರೆಗೆ ಸರಿಯಾಗಿ ಮಡಚುತ್ತಿದ್ದ.