ಆರನೇ ಮಹಡಿಯ ಉಪ್ಪು

ನನಗೆ ತೆಂಗಿಸ್ ಎಂದು ಹೆಸರಿಟ್ಟವನು ಅಪ್ಪ.
ನಮ್ಮ ಮಾತಿನಲ್ಲಿ ಹಾಗೆಂದರೆ ಕಡಲು.
ಅವನು ಕಡಲು ಕಂಡವನಲ್ಲ. ನಾನೂ ಅಲ್ಲ.
ಉಲಾನ್‌ಬಾತರಿನ ಈ ಆರನೇ ಮಹಡಿಯಿಂದಿಳಿದು
ಯಾವ ದಿಕ್ಕಿಗೆ ನಡೆದರೂ
ಬೂಟು ಸವೆದೀತು, ಅಲೆ ಸಿಗದು.

ಮುಚ್ಚಿಹೋದ ಕ್ಷೌರದಂಗಡಿಯಿಂದ
ನೂರೈವತ್ತು ಲೀಟರಿನ ಗಾಜಿನ ತೊಟ್ಟಿ ಬಂತು,
ಮೂಲೆಯ ಅಂಟಿನಲ್ಲಿ ಇನ್ನೂ ಯಾರದೋ ಒಂದು ಕೂದಲು.
ಲಿಫ್ಟು ಕೆಟ್ಟಿತ್ತು.
ನಾನೂ ಟ್ರಾಲಿಬಸ್ ಡಿಪೋದ ಸಾಂಬೂನೂ
ಮೆಟ್ಟಿಲಿಗೊಮ್ಮೆ ಬೈದುಕೊಂಡು ಹತ್ತಿಸಿದೆವು.
ಕೆಳಮನೆಯ ದುಲ್ಮಾ ಬಾಗಿಲು ತೆರೆದು
"ನೀರು ತುಂಬಿದರೆ ಎಷ್ಟು ಭಾರ?" ಎಂದಳು,
ನನ್ನನ್ನಲ್ಲ, ತನ್ನ ಸೂರನ್ನು ನೋಡುತ್ತ.
ಅರ್ಧ ಹೇಳಿದೆ.

ಉಪ್ಪು ಬಂದದ್ದು ತಿಯಾಂಜಿನ್‌ನಿಂದ
ರೈಲಿನಲ್ಲಿ, ನೀಲಿ ಬಕೆಟ್ಟಿನಲ್ಲಿ.
ಕಲಕಿದೆ. ಮೋಡ ಕವಿಯಿತು, ಬೆಳಗಿಗೆ ತಿಳಿಯಾಯಿತು.
ಮಾಪಕದ ಮುಳ್ಳು ಸರಿಯಾದ ಗೆರೆಯಲ್ಲೇ ನಿಂತಿತ್ತು.
ಅಮ್ಮ ಬೆರಳದ್ದಿ ನಾಲಗೆಗಿಟ್ಟು
"ಚಹಾಕ್ಕೆ ಯಾರಾದರೂ ಇಷ್ಟು ಸುರಿಯುತ್ತಾರೆಯೇ?" ಎಂದಳು.
ನಮ್ಮದು ಉಪ್ಪುಚಹಾದ ಮನೆ.
ಎಪ್ಪತ್ತು ವರ್ಷ ಪಳಗಿದ ನಾಲಗೆ ಅದು,
ಮುಳ್ಳಿಗೇನು ಗೊತ್ತು.

ಬಂಡೆಗಳು ಒಣಗಿದ್ದವು, ಗೋಬಿಯಲ್ಲಿ ಬಿದ್ದ
ಒಂಟೆಯೆಲುಬಿನಂತೆ ಬಿಳಿ, ತೂತು ತೂತು.
ಮೀನು ನುಸುಳುವಷ್ಟು ಸಂದು ಬಿಟ್ಟು
ಒಂದರ ಮೇಲೊಂದು ಪೇರಿಸಿದೆ.
ಅಮ್ಮ ತುಸು ಹೊತ್ತು ನೋಡಿ, ತಲೆಯ ಬಟ್ಟೆ ಸರಿಮಾಡಿಕೊಂಡು
ಸುಮ್ಮನೆ ಒಳಗೆ ಹೋದಳು.

ಅಂಗಡಿಯ ಹುಡುಗಿ ಎಚ್ಚರಿಸಿದ್ದಳು:
ಈಗಲೇ ಮೀನು ಬಿಡಬೇಡಿ.
ಮೊದಲು ಏನಾದರೂ ಕೊಳೆಯಬೇಕು.
ಕೊಳೆತದ್ದನ್ನು ತಿನ್ನುವವರು, ಕಣ್ಣಿಗೆ ಕಾಣದವರು,
ಕಲ್ಲಿನೊಳಗೆ ಹುಟ್ಟಿ ಸಂಸಾರ ಹೂಡಬೇಕು.
ಒಂದು ಹಸಿ ಸಿಗಡಿ ಹಾಕಿ ಆರು ವಾರ ಕಾಯಿರಿ.
ಸಿಗಡಿ! ಕುರಿಯ ಬಾಲ ಕೇಳಿದರೆ ನಾಳೆಯೇ ತಂದೇನು.

ಹೀಗೆ, ಏನೂ ಇಲ್ಲದ್ದಕ್ಕೆ ದೀಪ ಹಾಕಿದೆ,
ಏನೂ ಇಲ್ಲದ್ದನ್ನು ಬೆಚ್ಚಗಿಟ್ಟೆ.
ಹೊರಗೆ ಸೊನ್ನೆಗಿಂತ ಮೂವತ್ತೆರಡು ಕೆಳಗೆ, ಕಲ್ಲಿದ್ದಲ ಹೊಗೆ;
ಕರೆಂಟು ಹೋದ ರಾತ್ರಿ
ನನ್ನ ಕುರಿತೊಗಲಿನ ಕೋಟು ತೊಟ್ಟಿಗೆ ಹೊದಿಸಿ
ನಾನು ನಡುಗಿದೆ.
ದಿನಾ ಸಂಜೆ ಕೊಳವೆಗೆ ಐದು ಹನಿ ನೀರು, ಎಂಟು ಹನಿ ಮದ್ದು.
ಹಳದಿ. ಅಂದರೆ ಏನೂ ಆಗಿಲ್ಲ.
ಹಳದಿ. ಹಳದಿ.
ಹನ್ನೆರಡನೆಯ ದಿನ ಹಸಿರು!
ಯಾರು ಸತ್ತರು ಒಳಗೆ, ಯಾರೂ ಇಲ್ಲದ ಮನೆಯಲ್ಲಿ?

ಮರುದಿನ ನಾಲ್ಕಕ್ಕೇ ಎದ್ದು ಕತ್ತಲಲ್ಲಿ ನಿಂತೆ.
ಅಮ್ಮ ಮರದ ಸೌಟು ಹಿಡಿದು ಬಂದಳು,
ಅಂದಿನ ಮೊದಲ ಹಾಲು.
ಕಿಟಕಿಗೆ ಚಳಿಗಾಲದ ಟೇಪು ಬಿಗಿದಾಗಿತ್ತು,
ಆಕಾಶಕ್ಕೆ ಎರಚಲು ದಾರಿಯಿಲ್ಲ.
ತೊಟ್ಟಿ ಗೋಡೆಗೆ ಒರಗಿದೆ, ಸುತ್ತು ಬರಲಾಗದು;
ತನ್ನ ಸುತ್ತ ತಾನೇ ಮೂರು ಸಲ ತಿರುಗಿ
ಕಲ್ಲಿನ ರಾಶಿಗೆ ನಾಲ್ಕು ಹನಿ ಚಿಮುಕಿಸಿದಳು.
"ಓವೋ ಕಟ್ಟಿದವನು ನೀನು," ಎಂದಳು ತಿರುಗದೆಯೇ,
"ಹಾಲು ಕೊಡುವುದು ಮಾತ್ರ ಮರೆತೆ."
ಬಾಯಿ ತೆರೆದವನು
ಕೊಳವೆಯ ಹಸಿರು ನೆನಪಾಗಿ
ಮುಚ್ಚಿದೆ.

ನಲವತ್ತಮೂರನೆಯ ದಿನ ಬಣ್ಣಗಳೆಲ್ಲ ಒಪ್ಪಿಕೊಂಡವು.
ಮೀನನ್ನು ಅಂಗಿಯೊಳಗೆ, ಎದೆಗೊತ್ತಿ ತಂದೆ,
ನಾನೇ ಓಡಿಸುವ ದಾರಿಯಲ್ಲಿ, ಪ್ರಯಾಣಿಕನಾಗಿ,
ಸಾಂಬೂ ಬ್ರೇಕು ಹಾಕಿದಾಗಲೆಲ್ಲ ಗದರುತ್ತ.
ಹೆಬ್ಬೆರಳುದ್ದ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ.
ಬದುಕಿನಲ್ಲಿ ಮೀನು ತಿನ್ನದ ಅಮ್ಮ
ಗಾಜಿಗೆ ಮೂಗು ತಾಗಿಸಿ ಕೂತಳು:
"ರೆಪ್ಪೆಯೇ ಇಲ್ಲ. ಪಾಪ, ನಿದ್ದೆ?"

ಅವಳಿಗೂ ಇಲ್ಲ, ಅಪ್ಪ ಹೋದಾಗಿನಿಂದ.

ನಸುಕಿನ ಪಾಳಿಗೆ ಎದ್ದಾಗ ದೀಪ ಆರಿತ್ತು.
ಪಂಪು ಮಾತ್ರ ಗುನುಗುತ್ತಿತ್ತು.
ಸ್ಟೂಲಿನ ಮೇಲೆ ಅವಳು, ನೀರಲ್ಲಿ ಅದು,
ಒಬ್ಬರನ್ನೊಬ್ಬರು ಕಾಯುತ್ತ.
ಸೌಟು ಮಡಿಲಲ್ಲಿ.
ಹಾಲು ಇನ್ನು ಬೇಡವೆಂದು ನಿನ್ನೆಯಷ್ಟೇ ಬೇಡಿಕೊಂಡಿದ್ದೆ.
"ತೆಂಗಿಸ್," ಎಂದಳು ಮೆಲ್ಲಗೆ.
"ಏನಮ್ಮಾ?" ಎಂದೆ.

ಬೆಚ್ಚಿ ತಿರುಗಿದಳು.
ಕರೆದದ್ದು ನನ್ನನ್ನಲ್ಲ.